ಎರಡನೇ ಡೆಂಗಿ ಜೋರಾಗದು ಎಂದವರು ಉತ್ತರಿಸಲಿ

ಮಾನ್ಯ ಸಂಪಾದಕರೇ,

ನಿಟುವಳ್ಳಿಯ ನಮ್ಮ ಬೀದಿಯ ಡೆಂಗಿ ಹಾವಳಿ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ವರದಿಗೆ ಈ ಪ್ರತಿಕ್ರಿಯೆ. ವರದಿ ಬಂದ ಸಂಜೆಯೇ ಹೊಗೆ ಹೊಡೆಯುವ ಗಾಡಿ ಬಂತು, ಹಿಂದೆಯೇ ಅಧಿಕಾರಿಯೊಬ್ಬರೂ ಬಂದರು. ನನ್ನ ಮಗಳಿಗೆ ಎರಡನೇ ಸಲ ಡೆಂಗಿ ತಗುಲಿ ಆಸ್ಪತ್ರೆಯಲ್ಲಿದ್ದಾಳೆ ಎಂದು ತಿಳಿಸಿದಾಗ ಅವರು, “ಒಂದ್ಸಲ ಬಂದು ಹೋಗಿದ್ರೆ ಮೈಯಲ್ಲಿ ಶಕ್ತಿ ಬಂದಿರುತ್ತೆ, ಎರಡನೇದು ಅಷ್ಟು ಜೋರಾಗಲ್ಲ, ಗಾಬರಿ ಬೀಳ್ಬೇಡಿ” ಎಂದು ಬೀದಿಯವರೆಲ್ಲರ ಎದುರು ಹೇಳಿ ಜೀಪು ಹತ್ತಿದರು. ಅದನ್ನು ನಂಬಿದ ಪಕ್ಕದ ಮನೆಯವರು, ಹಿಂದೊಮ್ಮೆ ಡೆಂಗಿ ಕಂಡಿದ್ದ ತಮ್ಮ ಹುಡುಗನಿಗೆ ಜ್ವರ ಬಂದರೂ ರಕ್ತಪರೀಕ್ಷೆ ಮಾಡಿಸದೆ, ಮೆಡಿಕಲ್ ಶಾಪಿನಿಂದ ಮೈಕೈ ನೋವಿನ ಮಾತ್ರೆ ತಂದು ನುಂಗಿಸಿದ್ದಾರೆ. ಡೆಂಗಿಯಲ್ಲಿ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು ಎಂಬುದನ್ನು ಅವರಿಗೆ ಹೇಳಬೇಕಾದವರು ಯಾರು?

ಆ ಅಧಿಕಾರಿ ಹೇಳಿದ್ದು ಬರಿಯ ತಪ್ಪು ಮಾಹಿತಿಯಲ್ಲ, ಜೀವಕ್ಕೆ ಎರವಾಗುವ ಮಾತು. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದು ಹೋದರೆ ಅದೇ ಬಗೆಯಿಂದ ದೀರ್ಘಕಾಲ ರಕ್ಷಣೆ ಸಿಗುವುದು ನಿಜವಾದರೂ ಉಳಿದ ಮೂರರಿಂದ ಸಿಗುವ ರಕ್ಷಣೆ ಕೆಲವು ತಿಂಗಳುಗಳ ಮಟ್ಟಿಗೆ ಮಾತ್ರ. ಈಡಿಸ್ ಸೊಳ್ಳೆಯ ಜೊಲ್ಲಿನೊಡನೆ ಚರ್ಮದೊಳಕ್ಕೆ ಇಳಿಯುವ ಈ ವೈರಸ್ ಮೊದಲು ಹಿಡಿಯುವುದು ನಮ್ಮನ್ನು ಕಾಯಲೆಂದೇ ಇರುವ ರೋಗನಿರೋಧಕ ಕೋಶಗಳನ್ನು. ಚರ್ಮದಲ್ಲಿ ಕಾವಲಿರುವ ಡೆಂಡ್ರೈಟಿಕ್ ಕೋಶದ ಹೊರಮೈಯಲ್ಲಿರುವ ಡಿಸಿ-ಸೈನ್ ಎಂಬ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತದೆ; ಕೋಶವು ಅದನ್ನು ಪುಟ್ಟ ಚೀಲವೊಂದರಲ್ಲಿ ಸುತ್ತಿ ಒಳಗೆಳೆದುಕೊಂಡಾಗ ಚೀಲದೊಳಗೆ ಹೆಚ್ಚುವ ಆಮ್ಲೀಯತೆಯಿಂದ ವೈರಸ್ಸಿನ ಹೊರಕವಚದ ಆಕಾರವೇ ಬದಲಾಗಿ, ಅದು ಚೀಲದ ಪೊರೆಯೊಡನೆ ಬೆಸೆದುಕೊಂಡು ತನ್ನ ಆರ್‌ಎನ್‌ಎಯನ್ನು, ಅಂದರೆ ತನ್ನಂಥದನ್ನೇ ತಯಾರಿಸುವ ಸೂಚನೆಯ ಎಳೆಯನ್ನು, ಕೋಶದೊಳಕ್ಕೆ ಬಿಡುತ್ತದೆ. ಅಲ್ಲಿಂದ ಮುಂದೆ ಆ ಕೋಶ ವೈರಸ್ಸನ್ನು ತಯಾರಿಸುವ ಕಾರ್ಖಾನೆಯಾಗುತ್ತದೆ. ಸೋಂಕು ತಗುಲಿದ ಕೋಶ ರಕ್ಷಕ ಕೋಶಗಳು ನೆಲೆಸುವ ದುಗ್ಧರಸ ಗ್ರಂಥಿಗೆ ಹೋದರೆ ವೈರಸ್ಸೂ ಅಲ್ಲಿಗೆ ಹೋಗಿ, ಮಾನೋಸೈಟ್ ಮತ್ತು ಮ್ಯಾಕ್ರೋಫೇಜ್‌ಗಳೆಂಬ ಇತರ ರಕ್ಷಕ ಕೋಶಗಳಿಗೂ ಹರಡುತ್ತದೆ.

ಎರಡನೇ ಸಲ ಬೇರೆ ಬಗೆಯ ವೈರಸ್ ಬಂದಾಗ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಮೊದಲ ಸೋಂಕಿನಲ್ಲಿ ಹುಟ್ಟಿದ ಪ್ರತಿಕಾಯಗಳು (ರೋಗಾಣುವಿಗೆ ಅಂಟಿ ಅದನ್ನು ತಡೆಯಲೆಂದು ದೇಹ ತಯಾರಿಸುವ ಪ್ರೋಟೀನುಗಳು) ಹೊಸ ವೈರಸ್ಸಿಗೆ ಅಂಟಿಕೊಳ್ಳುತ್ತವೆಯೇ ಹೊರತು ಅದನ್ನು ನಿಷ್ಕ್ರಿಯಗೊಳಿಸಲಾರವು. ಪ್ರತಿಕಾಯ ಅಂಟಿದ್ದನ್ನೆಲ್ಲ ಒಳಗೆಳೆದುಕೊಳ್ಳುವುದು ಮಾನೋಸೈಟ್, ಮ್ಯಾಕ್ರೋಫೇಜ್‌ಗಳ ಸ್ವಭಾವವಾದ್ದರಿಂದ ಅವು ಜೀವಂತ ವೈರಸ್ಸನ್ನು ತಾವೇ ಒಳಗೆ ಕರೆದುಕೊಳ್ಳುತ್ತವೆ, ಹೆಚ್ಚು ಕೋಶಗಳಿಗೆ ಸೋಂಕು ತಗಲುತ್ತದೆ. ಸೋಂಕಿತ ಕೋಶಗಳು ಹೊರಸೂಸುವ ರಾಸಾಯನಿಕಗಳು ಮತ್ತು ಎನ್‌ಎಸ್‌-1 ಎಂಬ ವೈರಸ್ ಪ್ರೋಟೀನು ಸೇರಿ ಸಣ್ಣ ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸಿ, ರಕ್ತದ ದ್ರವ ಸೋರತೊಡಗುತ್ತದೆ. 1960ರ ದಶಕದಲ್ಲೇ ಬ್ಯಾಂಕಾಕಿನ ಮಕ್ಕಳಲ್ಲಿ ಸ್ಕಾಟ್ ಹಾಲ್‌ಸ್ಟೆಡ್ ಎಂಬ ವೈದ್ಯರು ಎರಡನೇ ಸೋಂಕಿನಲ್ಲಿ ಕಾಯಿಲೆ ಉಲ್ಬಣಿಸುವುದನ್ನು ಗುರುತಿಸಿದ್ದರು. ಕ್ಯೂಬಾದಲ್ಲಿ 1977ರಲ್ಲಿ ಒಂದನೇ ಬಗೆ ಹರಡಿ, 1981ರಲ್ಲಿ ಎರಡನೇ ಬಗೆ ಬಂದಾಗ 158 ಜನ ಸತ್ತರು. ತೀವ್ರವಾಗಿ ನರಳಿದವರಲ್ಲಿ ಬಹುಪಾಲು ಮಂದಿ ಮೊದಲೊಮ್ಮೆ ಸೋಂಕು ಕಂಡವರೇ ಆಗಿದ್ದರು. ಎರಡನೇ ಸಲ ಬಂದವರೆಲ್ಲರಿಗೂ ಹೀಗಾಗುವುದಿಲ್ಲ, ಆದರೆ ಎಚ್ಚರ ಹೆಚ್ಚು ಬೇಕಾದದ್ದು ಅವರಿಗೇ. ಇಷ್ಟು ಹಳೆಯ ವಿಷಯ ಗೊತ್ತಿಲ್ಲದವರನ್ನು ಜನಜಾಗೃತಿಗೆ ಕಳಿಸುವುದು ಯಾವ ಆಡಳಿತ?

ನನ್ನ ಮಗಳಿಗೆ ಜ್ವರ ಇಳಿದ ದಿನ ನಾವು ನಿಟ್ಟುಸಿರು ಬಿಟ್ಟಿದ್ದೆವು. ಅಪಾಯ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ ಎಂದು ಡಾಕ್ಟರು ಹೇಳಿದರು. ನರ್ಸಮ್ಮ ಬಿ.ಪಿ. ನೋಡುವ ಪಟ್ಟಿಯನ್ನು ಅವಳ ತೋಳಿಗೆ ಸ್ವಲ್ಪ ಹೊತ್ತು ಬಿಗಿದು ಬಿಚ್ಚಿದಾಗ, ಮೊಣಕೈಯ ಒಳಭಾಗದಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು ಸಾಲಾಗಿ ಎದ್ದವು, ಸಣ್ಣ ರಕ್ತನಾಳಗಳಿಂದ ಚರ್ಮದಡಿ ರಕ್ತ ಒಸರಿದ ಗುರುತು ಅವು. ಅದನ್ನು ನೋಡಿದ ಮೇಲೆ ನನ್ನ ಹೆಂಡತಿ ಊಟ ಮಾಡಿಲ್ಲ. ನಾನು ಅಂಗಡಿ ಬಾಗಿಲು ಹಾಕಿಕೊಂಡು ಪ್ಲೇಟ್‌ಲೆಟ್ ರಿಪೋರ್ಟಿಗಾಗಿ ಲ್ಯಾಬಿನ ಮುಂದೆ ನಿಲ್ಲುತ್ತಿದ್ದೇನೆ, ದುಡಿಮೆ ನಿಂತಿದೆ, ಸಾಲ ಬೆಳೆಯುತ್ತಿದೆ.

ಇನ್ನು ಹೊಗೆಯ ವಿಷಯ. ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಇವರು ಹೊಗೆ ಬಿಡುವುದು ಕತ್ತಲಾದ ಮೇಲೆ, ಅದೂ ಬೀದಿಯ ನಡುವೆ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂಬುದು ವರ್ಷಗಳಿಂದ ಯಾರಿಗೂ ತಿಳಿಯದ ಕಾರಣ ಪ್ರತಿ ಮನೆಯಲ್ಲೂ ತೊಟ್ಟಿ, ಡ್ರಮ್ಮು ತುಂಬಿಟ್ಟುಕೊಂಡಿದ್ದೇವೆ, ಆ ನೀರಿನಲ್ಲಿ ಹುಳುಗಳು ಕೊಂಕಿ ಕೊಂಕಿ ಆಡುತ್ತಿರುವಾಗ ಹೊಗೆಯಿಂದ ಅವಕ್ಕೇನೂ ಆಗುವುದಿಲ್ಲ. ನಮ್ಮ ಮನೆಯೆದುರಿನ ಖಾಲಿ ನಿವೇಶನದಲ್ಲಿ ಟೈರು, ಎಳನೀರಿನ ಬುರುಡೆಗಳ ರಾಶಿಯಿದೆ. ಕೇಬಲ್ಲಿಗೆಂದು ಅಗೆದ ರಸ್ತೆಯ ಗುಂಡಿಯನ್ನು ಮುಚ್ಚದೆ ಹೋದವರನ್ನು, ಚರಂಡಿಯ ಹೂಳೆತ್ತಿ ರಸ್ತೆಗೇ ಸುರಿದು ಮರೆತವರನ್ನು ಕೇಳುವವರಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ, ಖಾಲಿ ನಿವೇಶನ ಹಾಗೂ ಕಟ್ಟಡ ಕಾಮಗಾರಿ ಸ್ಥಳಗಳಿಗೆ 2,000 ರೂಪಾಯಿ ದಂಡವೆಂದು ಗೊತ್ತುಮಾಡಿತು. ನಮ್ಮ ಬೀದಿಯಲ್ಲಿ ತೊಟ್ಟಿ ಇಟ್ಟ ಬಡವರಿಗೆ ಎಚ್ಚರಿಕೆ ಕೊಟ್ಟು ಹೋದರು, ನಿವೇಶನದ ಮಾಲೀಕರ ಹೆಸರನ್ನು ಕೂಡ ಕೇಳಲಿಲ್ಲ.

ಆದ್ದರಿಂದ ಸಂಬಂಧಪಟ್ಟವರು ಆ ತಪ್ಪು ಮಾತನ್ನು ತಕ್ಷಣ ಬಹಿರಂಗವಾಗಿ ತಿದ್ದಬೇಕು, ಒಮ್ಮೆ ಡೆಂಗಿ ಬಂದ ಮನೆಗಳಿಗೆ ಆಶಾ ಕಾರ್ಯಕರ್ತೆಯರನ್ನು ಕಳಿಸಿ ಜ್ವರ ಬಂದೊಡನೆ ಪರೀಕ್ಷೆ ಮಾಡಿಸಬೇಕು. ನೀರನ್ನೂ ಹೊತ್ತಿಗೆ ಸರಿಯಾಗಿ ಕೊಡಬೇಕು, ಚರಂಡಿಯನ್ನೂ ನೋಡಬೇಕು, ಒಟ್ಟಿನಲ್ಲಿ ಏನು ಮಾಡಬೇಕೋ ಅದನ್ನು ಮಾಡಬೇಕು. ಸಂಬಳ ಎಣಿಸಿಕೊಳ್ಳುವವರಿಗೆ ಇದನ್ನೂ ನಾವೇ ಹೇಳಿಕೊಡಬೇಕೆ? ಇಷ್ಟೂ ಆಗದಿದ್ದರೆ ಕಂದಾಯ ಕೇಳಿಕೊಂಡು ನಮ್ಮ ಬೀದಿಗೆ ಯಾರೂ ಬರುವುದು ಬೇಡ.

— ನೊಂದ ನಿವಾಸಿ, ನಿಟುವಳ್ಳಿ, ದಾವಣಗೆರೆ