ಮುರಿದ ನಿಪ್ಪಲ್‌ಗೆ ಎಂ-ಸೀಲ್ ಮೆತ್ತಿ ಗಾಡಿ ಕೊಟ್ಟದ್ದರ ಬಗ್ಗೆ ದೂರು

ಮಲ್ಪೆ

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ನನ್ನದು 2004ರ ಮಾಡೆಲ್ ಟಾಟಾ 407. ಮಲ್ಪೆಯಿಂದ ಶಿವಮೊಗ್ಗಕ್ಕೆ ಮೀನು ಹೊಡೆಯುವ ಗಾಡಿ. ಇಷ್ಟು ವರ್ಷ ಐಸಿನ ಉಪ್ಪುನೀರು ಸೋರಿ ಸೋರಿ ಅಡಿಭಾಗವೆಲ್ಲ ತುಕ್ಕು. ಅದಕ್ಕೇ ಹಿಂದಿನ ಬ್ರೇಕ್ ಲೈನರ್ ಬದಲಿಸಲು ಕೊಡುವಾಗಲೇ ಹೇಳಿದ್ದೆ: "ಬ್ರೇಕ್ ಡ್ರಮ್ಮಿನ ಸ್ಕ್ರೂ ಸುಲಭಕ್ಕೆ ಬರಲ್ಲ. ರಾತ್ರಿಯೇ ಆಯಿಲ್ ಬಿಟ್ಟು ನೆನೆಸಿಡಿ, ಬೆಳಗ್ಗೆ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೀರಿ."

ನಿಮ್ಮ ಹುಡುಗರಿಗೆ ಅಷ್ಟು ತಾಳ್ಮೆ ಎಲ್ಲಿ? ಒಣ ಸ್ಕ್ರೂಗೇ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿ ತಲೆ ಬೋಳು ಮಾಡಿದರು. ಆಮೇಲೆ ಉಳಿ, ಆಮೇಲೆ ಡ್ರಿಲ್. ಅದು ಹೋಗಲಿ. ಡ್ರಮ್ ಹಿಡಿದು ನಿಲ್ಲಿಸೋದು ವೀಲ್ ನಟ್ಟು, ಆ ಸಣ್ಣ ಸ್ಕ್ರೂ ಅಲ್ಲ ಅಲ್ವಾ.

ನನ್ನ ತಕರಾರು ಬ್ರೇಕ್ ಆಯಿಲ್‌ನಲ್ಲಿ ಸೇರಿದ ಏರ್ ಹೊರಗೆ ತೆಗೆಯುವ ನಿಪ್ಪಲ್ ಬಗ್ಗೆ. ಎಡಗಡೆ ಹಿಂದಿನ ವೀಲ್ ಸಿಲಿಂಡರಿನ (ಆಯಿಲ್ ಒತ್ತಡದಲ್ಲಿ ಲೈನರನ್ನು ಡ್ರಮ್ಮಿಗೆ ಒತ್ತುವ ಭಾಗ) ನಿಪ್ಪಲ್ಲನ್ನು ಗ್ಯಾಸ್‌ನಲ್ಲಿ ಕಾಯಿಸಿ ತಿರುಗಿಸಿದ್ದಾರೆ. ಅರ್ಧ ಬಿಚ್ಚಿದ ಮೇಲೆ ಅದು ಮುರಿದಿದೆ. ಬ್ರೇಕ್ ಆಯಿಲ್ ಇರುವ ಜಾಗಕ್ಕೆ ಬೆಂಕಿ ಹಿಡಿಯುವ ಧೈರ್ಯಕ್ಕೆ ಏನು ಹೇಳಲಿ! ಮುರಿದ ಜಾಗಕ್ಕೆ ಎಂ-ಸೀಲ್ ಮೆತ್ತಿ, ಮೇಲೆ ಕಪ್ಪು ಪೇಂಟ್ ಹೊಡೆದು, ಬಿಲ್ಲಿನಲ್ಲಿ "ಏರ್ ತೆಗೆದಿದೆ" ಎಂದು ಬರೆದಿದ್ದೀರಿ. ನನಗೆ ಒಂದು ಮಾತೂ ಹೇಳಲಿಲ್ಲ.

ನಾಲ್ಕನೇ ದಿನ ಶಿವಮೊಗ್ಗದಲ್ಲಿ ಮೀನು ಇಳಿಸಿ ಹುಲಿಕಲ್ ಘಾಟಿ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಪೆಡಲ್ ಬುಡಕ್ಕೇ ಹೋಯಿತು. ಪಂಪ್ ಮಾಡಿ, ಎರಡನೇ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಗುಡ್ಡದ ಕಡೆಯ ಚರಂಡಿಗೆ ಗಾಡಿ ಒರಗಿಸಿದೆ. ಪುಣ್ಯಕ್ಕೆ ಲೋಡ್ ಇರಲಿಲ್ಲ. ಇಳಿದು ನೋಡಿದರೆ ಎಡ ಟೈರಿನ ಒಳಮೈಯೆಲ್ಲ ಆಯಿಲ್. ಹೊಸಂಗಡಿಯಿಂದ ಬಂದ ಮೆಕ್ಯಾನಿಕ್ ಕೈ ಹಾಕಿದ ಕೂಡಲೇ ಹುಣಸೆಬೀಜದಷ್ಟು ಎಂ-ಸೀಲ್ ಉಂಡೆ ಕಳಚಿ ಬಿತ್ತು. ಸಿಲಿಂಡರಿನ ಒಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ ಸುಟ್ಟು ಗಟ್ಟಿಯಾಗಿತ್ತು. ಹೊಸ ಲೈನರ್ ಆಯಿಲ್ ಕುಡಿದು ಕೆಟ್ಟಿತ್ತು.

ತುಕ್ಕು ನಿಮ್ಮ ತಪ್ಪಲ್ಲ. ನಿಪ್ಪಲ್ ಮುರಿಯೋದೂ ದೊಡ್ಡದಲ್ಲ, ಹಳೇ ಗಾಡಿಯಲ್ಲಿ ಮುರಿಯುತ್ತೆ. "ಮುರೀತು, ಸಿಲಿಂಡರ್ ಬದಲಿಸಬೇಕು" ಎಂದು ಒಂದು ಫೋನ್ ಮಾಡಿದ್ದರೆ ಸುಮ್ನೆ ದುಡ್ಡು ಕೊಡುತ್ತಿದ್ದೆ.

ಈಗ ಹೊಸ ವೀಲ್ ಸಿಲಿಂಡರ್, ಹಿಂದಿನ ಎರಡೂ ಕಡೆಯ ಲೈನರ್ ನಿಮ್ಮ ಖರ್ಚಿನಲ್ಲಿ ಹಾಕಿಕೊಡಿ. "ತುಕ್ಕು ಸ್ಕ್ರೂ ತೆಗೆದ ಲೇಬರ್" ಎಂದು ಜಾಸ್ತಿ ಹಾಕಿದ 1,200 ರೂಪಾಯಿ, ಹೊಸಂಗಡಿ ಮೆಕ್ಯಾನಿಕ್‌ಗೆ ಕೊಟ್ಟ 900 ರೂಪಾಯಿ ವಾಪಸ್ ಕೊಡಿ. ಹತ್ತು ದಿನದೊಳಗೆ ಉತ್ತರ ಬರದಿದ್ದರೆ ಉಡುಪಿಯ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಮುರಿದ ನಿಪ್ಪಲ್, ಎಂ-ಸೀಲ್ ಉಂಡೆ ಎರಡೂ ನನ್ನ ಹತ್ತಿರ ಪೊಟ್ಟಣದಲ್ಲಿವೆ.

ಇಂತಿ,
ಗಾಡಿಯ ಮಾಲೀಕ ಮತ್ತು ಡ್ರೈವರ್