ಈ ವಾರದ ಚಿತ್ರ: ರೆದೊನ್ ಅವರ ‘ಸೈಕ್ಲೋಪ್ಸ್’

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಮಾತಾಡಲು ಫ್ರೆಂಚ್ ಕಲಾವಿದ ಓಡಿಲಾನ್ ರೆದೊನ್ ಅವರ ‘ಸೈಕ್ಲೋಪ್ಸ್’ ಆರಿಸಿದ್ದೇವೆ. ಸುಮಾರು 1914ರ ಚಿತ್ರ, ಈಗ ನೆದರ್ಲೆಂಡ್ಸ್‌ನ ಕ್ರೋಲರ್-ಮ್ಯೂಲರ್ ಮ್ಯೂಸಿಯಂನಲ್ಲಿದೆ.

ಮೊದಲು ಕಥೆ. ಗ್ರೀಕ್ ಪುರಾಣದ ಸೈಕ್ಲೋಪ್ಸ್, ಅಂದರೆ ಒಕ್ಕಣ್ಣಿನ ದೈತ್ಯ, ಪಾಲಿಫೀಮಸ್‌ಗೆ ಸಮುದ್ರಕನ್ಯೆ ಗಲಾಟಿಯಾ ಮೇಲೆ ಪ್ರೀತಿ. ಅವಳ ಮನಸ್ಸು ಇರುವುದು ಏಸಿಸ್ ಎಂಬ ಯುವಕನ ಮೇಲೆ. ಕವಿ ಓವಿಡ್ ಹೇಳುವ ಪ್ರಕಾರ, ದೈತ್ಯ ಹೊಟ್ಟೆಕಿಚ್ಚಿನಿಂದ ಬಂಡೆ ಎಸೆದು ಏಸಿಸ್‌ನನ್ನು ಕೊಲ್ಲುತ್ತಾನೆ.

ಈಗ ಚಿತ್ರ ನೋಡಿ. ಏಸಿಸ್ ಎಲ್ಲೂ ಇಲ್ಲ, ಬಂಡೆಯೂ ಇಲ್ಲ. ಹೂವು ತುಂಬಿದ ಇಳಿಜಾರಿನಲ್ಲಿ ಗಲಾಟಿಯಾ ಮಲಗಿದ್ದಾಳೆ. ಬೆಟ್ಟದ ಹಿಂದಿನಿಂದ ದೈತ್ಯ ಇಣುಕುತ್ತಿದ್ದಾನೆ. ಆ ದೊಡ್ಡ ಕಣ್ಣಲ್ಲಿ ಕೋಪ ಕಾಣುತ್ತದೆಯೇ? ನನಗಂತೂ ಸಂಕೋಚವೇ ಜಾಸ್ತಿ ಕಾಣುತ್ತದೆ. ಹತ್ತಿರ ಬರುವ ಧೈರ್ಯ ಇಲ್ಲದವನ ನೋಟ ಅದು. ಆದರೂ ಅವಳಿಗೆ ಗೊತ್ತಿಲ್ಲದ ಹಾಗೆ ನೋಡುತ್ತಿದ್ದಾನೆ, ಅಲ್ವಾ? ಆ ನೋಟ ಹುಟ್ಟಿಸುವ ಭಯವನ್ನು ಮರೆಯಬಾರದು. ರೆದೊನ್ ಅವರಂಥ ಸಿಂಬಲಿಸ್ಟ್ (ಸಂಕೇತವಾದಿ) ಕಲಾವಿದರಿಗೆ ಪುರಾಣದ ಘಟನೆಗಿಂತ ಅದರೊಳಗಿನ ಮನಸ್ಥಿತಿ ಮುಖ್ಯವಾಗಿತ್ತು.

ಬಣ್ಣಗಳನ್ನೂ ಗಮನಿಸಿ. ರೆದೊನ್ ಎಷ್ಟೋ ವರ್ಷ ಇದ್ದಿಲಿನಲ್ಲಿ ಕಪ್ಪು ಚಿತ್ರಗಳನ್ನೇ ಬರೆದವರು. 1890ರ ದಶಕದಿಂದ ಬಣ್ಣಕ್ಕೆ ತಿರುಗಿದರು.

ಇನ್ನೊಬ್ಬ ಫ್ರೆಂಚ್ ಕಲಾವಿದ ಗುಸ್ತಾವ್ ಮೊರೊ ಅವರ ‘ಗಲಾಟಿಯಾ’ದಲ್ಲೂ ಇದೇ ದೈತ್ಯ ಇದ್ದಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಶನಿವಾರ ರಾತ್ರಿಯೊಳಗೆ ನಾಲ್ಕು ಸಾಲು ಬರೆದು ಹಾಕಿ. ವಾಯ್ಸ್ ಮೆಸೇಜ್ ಕಳಿಸಿದರೂ ಸರಿ.