ಆ ಫೋಟೊದಲ್ಲಿದ್ದ ಡಬ್ಬಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕಾರಂಜಾ ಜಲಾಶಯದ ಒಂದು ಫೋಟೊ ಬಂದಿತ್ತು. ಬೆಳಗಿನ ಮಂಜು, ಒಂದು ಹಳೆಯ ದೋಣಿ, ಇಬ್ಬರು ಮೀನುಗಾರರು. ಒಬ್ಬ ಹುಟ್ಟು ಹಾಕುತ್ತಿದ್ದಾನೆ, ಇನ್ನೊಬ್ಬ ಬಗ್ಗಿದ್ದಾನೆ. ಭಾಳ ಚೆಂದ ಬಂದಿದೆ ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ನಾನು ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದೆ. ಬಗ್ಗಿದವನ ಕೈಯಲ್ಲಿ ಅರ್ಧಕ್ಕೆ ಕತ್ತರಿಸಿದ ಎಣ್ಣೆ ಡಬ್ಬಿ ಇದೆ. ಅವನು ನೀರು ಚೆಲ್ಲುತ್ತಿದ್ದಾನೆ. ದೋಣಿ ಸೋರುತ್ತಿದೆ.

ಅವತ್ತಿಂದ ಆ ಡಬ್ಬಿ ನನ್ನ ಕಣ್ಣಿಂದ ಹೋಗಿಲ್ಲ. ಅದಕ್ಕೇ ಈ ಪತ್ರ.

ನಾನು ಹುಡುಗರಿಗೆ ಮರಗೆಲಸ ಕಲಿಸುತ್ತಾ ಮೂವತ್ತೊಂದು ವರ್ಷ ಕಳೆದವನು. ನಿವೃತ್ತಿಯಾದ ಮೇಲೆ ಭಾಲ್ಕಿಯ ನನ್ನ ಮನೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಒಂದು ಸೋರುವ ಹಾಯಿದೋಣಿಯ ಜೊತೆ ಎರಡು ಬೇಸಿಗೆ ಕಳೆದಿದ್ದೇನೆ. ಬೀದರ್ ಜಿಲ್ಲೆಯಲ್ಲಿ ಹಾಯಿದೋಣಿ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಹೈದರಾಬಾದಿನಿಂದ ಬಂತು. ಹುಸೇನ್ ಸಾಗರದಲ್ಲಿ ಹಾಯಿದೋಣಿ ಓಡಿಸುವವರು ಇದ್ದಾರೆ. ಅಲ್ಲಿ ಓಡಿ ಹಳೆಯದಾಗಿ ಗುಜರಿಗೆ ಬಿದ್ದಿದ್ದ ಒಂದನ್ನು ಕೊಂಡು, ಟೆಂಪೊದಲ್ಲಿ ಹಾಕಿಸಿಕೊಂಡು, ಜಹೀರಾಬಾದ್ ಮೇಲೆ ಹಾಯ್ದು ಊರಿಗೆ ತಂದೆ. ಪ್ಲೈವುಡ್ ದೋಣಿ. ಎಂಟರ್‌ಪ್ರೈಸ್ ಅಂತ ಅದರ ಜಾತಿಯ ಹೆಸರು. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ಇದರ ವಿನ್ಯಾಸ ಮಾಡಿದರು. ಉದ್ದ ಹದಿಮೂರು ಅಡಿ ಮೂರು ಇಂಚು, ಇಬ್ಬರು ಕೂತು ಓಡಿಸುವಂಥದ್ದು. ನೀಲಿ ಹಾಯಿ ಇದರ ಗುರುತು. ನನಗೆ ಸಿಕ್ಕಾಗ ಆ ನೀಲಿ ತೊಳೆದು ತೊಳೆದು ಬಿಳಿಚಿಕೊಂಡ ಶಾಲೆ ಅಂಗಿಯ ಹಾಗಿತ್ತು.

ಹರೆಯದಲ್ಲಿ ಎರಡು ವರ್ಷ ಮಲ್ಪೆಯಲ್ಲಿ ದೋಣಿ ಕಟ್ಟುವವರ ಹತ್ತಿರ ಕೈಗೆಲಸಕ್ಕೆ ಇದ್ದೆ. ಅಲ್ಲಿಂದ ಬಂದ ಆಸೆ ಇದು. ಮೊದಲ ತಪ್ಪು ಆಗಿದ್ದೂ ಅಲ್ಲಿ ಕಲಿತದ್ದರಿಂದಲೇ. ಹಲಗೆ ಜೋಡಿಸಿ ಕಟ್ಟಿದ ಮರದ ದೋಣಿ ದಡದ ಮೇಲೆ ಒಣಗಿ ಕೂತರೆ ಸಂದು ಬಿಡುತ್ತದೆ. ನೀರಿಗೆ ಇಳಿಸಿ ಎರಡು ದಿನ ಬಿಟ್ಟರೆ ಮರ ನೀರು ಕುಡಿದು ಉಬ್ಬಿ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಸಂದಿನಲ್ಲಿ ಹತ್ತಿ ಎಳೆ ಬಡಿದಿರುತ್ತಾರೆ, ಅದೂ ಉಬ್ಬುತ್ತದೆ. ಇದೂ ಹಾಗೇ ಇರಬೇಕು ಅಂತ ನನ್ನ ದೋಣಿಯನ್ನೂ ಎರಡು ದಿನ ನೀರಲ್ಲಿ ಬಿಟ್ಟೆ. ಸೋರುವುದು ನಿಲ್ಲಲಿಲ್ಲ, ಜಾಸ್ತಿಯಾಯಿತು. ಪ್ಲೈವುಡ್ಡಿನಲ್ಲಿ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡ ಉದ್ದ ಇಟ್ಟು ಅಂಟಿಸಿರುತ್ತಾರೆ. ಹಲಗೆ ಉಬ್ಬಿದ ಹಾಗೆ ಅದು ಉಬ್ಬುವುದಿಲ್ಲ. ಅಂಚಿನಿಂದ ನೀರು ಒಳಗೆ ಹೊಕ್ಕರೆ ಪದರ ಬಿಡುತ್ತದೆ, ಕೊಳೆಯುತ್ತದೆ. ಎಲ್ಲ ದೋಣಿಗೂ ಒಂದೇ ಮದ್ದು ಇಲ್ಲ ಅಂತ ಅವತ್ತು ಗೊತ್ತಾಯಿತು.

ಆಮೇಲೆ ಒಬ್ಬ ರಿಪೇರಿಯವನಿಗೆ ಒಪ್ಪಿಸಿದೆ. ಅವನು ಒದ್ದೆ ಮರದ ಮೇಲೇ ಫೈಬರ್ ಬಟ್ಟೆ ಅಂಟಿಸಿ, ಮೇಲೆ ದಪ್ಪಗೆ ಪೇಂಟ್ ಬಳಿದು ದುಡ್ಡು ತಗೊಂಡು ಹೋದ. ನೋಡಲು ಹೊಸ ದೋಣಿ. ಒಂದೂವರೆ ತಿಂಗಳಿಗೆ ಆ ಪದರ ಬಾಳೆಹಣ್ಣಿನ ಸಿಪ್ಪೆ ಹಾಗೆ ಎದ್ದು ಬಂತು. ಒಳಗಿನ ಮರ ಕರ್‍ರಗೆ, ಮೆತ್ತಗೆ, ಉಗುರಿನಿಂದ ಒತ್ತಿದರೆ ತಗ್ಗುತ್ತಿತ್ತು. ಮೇಲಿನ ಹೊದಿಕೆ ನೀರನ್ನು ಹೊರಗೆ ಇಡಲಿಲ್ಲ, ಒಳಗಿದ್ದ ನೀರನ್ನು ಒಳಗೇ ಹಿಡಿದಿಟ್ಟಿತ್ತು.

ಸಂಪಾದಕರೇ, ನಮ್ಮ ಕಡೆ ಮರದ ದೋಣಿಗಳಿಗೆ ಆಗುತ್ತಿರುವುದೂ ಇದೇ. ಸೋರಿದರೆ ಡಾಂಬರು ಕಾಯಿಸಿ ಬಳಿಯುತ್ತಾರೆ. ಹರಿಗೋಲಿಗಾದರೆ ಸರಿ. ಅದು ಬಿದಿರಿನ ಬುಟ್ಟಿ, ಮೇಲಿನ ಬಟ್ಟೆಯೋ ತಾಡಪತ್ರಿಯೋ ಅದರ ಚರ್ಮ, ವರ್ಷ ವರ್ಷ ಬದಲಾಯಿಸಬಹುದು. ಪ್ಲೈವುಡ್ ದೋಣಿಗೆ ಡಾಂಬರು ಬಳಿದರೆ ಅದು ಬಿಸಿಲಿಗೆ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ, ಇಳಿದ ನೀರಿಗೆ ಒಣಗಲು ದಾರಿ ಇಲ್ಲ. ಮುಂದೆ ಸರಿಯಾಗಿ ರಿಪೇರಿ ಮಾಡೋಣ ಅಂದರೆ ಡಾಂಬರು ಕುಡಿದ ಮರಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ಮೊದಲು ಸೋರುವ ಜಾಗ ಹುಡುಕಬೇಕು. ಇದಕ್ಕೆ ದೋಣಿಯನ್ನು ನೀರಿಗೆ ಹಾಕಬಾರದು, ನೀರನ್ನು ದೋಣಿಗೆ ಹಾಕಬೇಕು. ನಾನು ಅಂಗಳದಲ್ಲಿ ಹಳೆಯ ಟೈರುಗಳನ್ನು ಸಾಲಾಗಿ ಇಟ್ಟು, ಅದರ ಮೇಲೆ ಕಟ್ಟಿಗೆ ಅಡ್ಡ ಕೊಟ್ಟು, ದೋಣಿ ಕೂರಿಸಿದೆ. ಹೊರಮೈ ಪೂರಾ ಒಣಗಿದ ಮೇಲೆ ಮೊಮ್ಮಗಳು ಕೆಳಗೆ ತೂರಿಕೊಂಡು ಹೋಗಿ ಸಂದು ಸಂದಿಗೂ ಪೌಡರ್ ಹಚ್ಚಿದಳು, ಮುಖಕ್ಕೆ ಹಚ್ಚುವ ಪೌಡರೇ. ಆಮೇಲೆ ಒಳಗೆ ಕೊಡದಿಂದ ನೀರು ಹೊಯ್ದೆವು. ಹತ್ತು ಕೊಡಕ್ಕೆ ನಿಲ್ಲಿಸಿದೆ. ಒಂದು ಕೊಡ ಹದಿನೈದು ಲೀಟರ್ ಅಂದರೆ ಅಷ್ಟಕ್ಕೇ ನೂರೈವತ್ತು ಕೆಜಿ ಆಯಿತು. ಕಂಠಮಟ ತುಂಬಿದರೆ ದೋಣಿಯ ತಳವೇ ಒಡೆಯುತ್ತದೆ. ನೀರಲ್ಲಿದ್ದಾಗ ಹೊರಗಿನ ನೀರು ಒತ್ತಿ ಹಿಡಿಯುತ್ತದೆ, ನೆಲದ ಮೇಲೆ ಆ ಆಸರೆ ಇಲ್ಲ ಅಲ್ವಾ.

ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಮೊಮ್ಮಗಳು ಕೆಳಗಿಂದ ಕೂಗಿದಳು, "ಅಜ್ಜಾ, ಇಲ್ಲಿ ಪೌಡರ್ ಕಪ್ಪಾಯ್ತು." ಬಿಳಿ ಪೌಡರಿನಲ್ಲಿ ಗೋಧಿ ಕಾಳಿನಷ್ಟು ಒಂದು ಮಚ್ಚೆ. ನೋಡುತ್ತಾ ಇದ್ದ ಹಾಗೆ ಅದು ಅಗಲವಾಯಿತು, ತುದಿಯಲ್ಲಿ ಒಂದು ಹನಿ ಕೂತಿತು, ಜೋತು ಬಿತ್ತು, ಬಿದ್ದಿತು. ಪೆನ್ಸಿಲಿನಿಂದ ಸುತ್ತು ಹಾಕಿದೆ. ಸಂಜೆಯೊಳಗೆ ಹನ್ನೊಂದು ಸುತ್ತು ಆದವು. ತಳದ ಲೋಹದ ಪಟ್ಟಿಯ ಸ್ಕ್ರೂ ತೂತುಗಳಿಂದ ಆರು, ತಳವೂ ಪಕ್ಕವೂ ಸೇರುವ ಮೂಲೆಯಿಂದ ಮೂರು, ಹಿಂದಿನ ಹಲಗೆಯಿಂದ ಎರಡು.

ಆದರೆ ಹನಿ ಬೀಳುವ ಜಾಗವೇ ಸೋರುವ ಜಾಗ ಅಲ್ಲ. ಬೀದರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೌಬಾದಿನ ಸುರಂಗ ಬಾವಿ ನೋಡಿದವರಿಗೆ ಗೊತ್ತು, ಎಲ್ಲೋ ಇಂಗಿದ ನೀರು ಕೆಂಪು ಕಲ್ಲಿನೊಳಗೆ ಹಾದು ಎಲ್ಲೋ ಬಂದು ಕಾಣಿಸಿಕೊಳ್ಳುತ್ತದೆ. ದೋಣಿಯಲ್ಲೂ ಹಾಗೇ. ಇಂಥ ದೋಣಿಯ ನಡುವೆ ಒಂದು ಉದ್ದ ಸೀಳು ಇರುತ್ತದೆ. ಗಾಳಿ ದೋಣಿಯನ್ನು ಅಡ್ಡಕ್ಕೆ ತಳ್ಳದಿರಲಿ ಅಂತ ಆ ಸೀಳಿನಿಂದ ಒಂದು ಹಲಗೆ ನೀರಿಗೆ ಇಳಿಯುತ್ತದೆ. ಸೆಂಟರ್‌ಬೋರ್ಡ್ ಅಂತಾರೆ. ಅದಕ್ಕೊಂದು ಕಿರಿದಾದ ಮರದ ಪೆಟ್ಟಿಗೆ. ಆ ಪೆಟ್ಟಿಗೆಯ ಬುಡದಲ್ಲಿ ಹಳೆಯ ಅಂಟು ಬಿಟ್ಟಿತ್ತು. ನೀರು ಅಲ್ಲಿ ಇಳಿದು, ಪದರಗಳ ನಡುವೆ ಒಂದೂವರೆ ಅಡಿ ನಡೆದು, ಸ್ಕ್ರೂ ತೂತಿನಿಂದ ಹೊರಗೆ ಬರುತ್ತಿತ್ತು. ನಾನು ಸ್ಕ್ರೂ ತೂತಿಗೆ ಮೇಣ ತುಂಬಿ ಕೂತಿದ್ದರೆ ಇವತ್ತಿಗೂ ಸೋರುತ್ತಲೇ ಇರುತ್ತಿತ್ತು.

ಕೊಳೆತಿದ್ದನ್ನೆಲ್ಲ ಕಡಿದು ತೆಗೆದೆ. ಕರ್‍ರಗಾದ ಮರ ಮುಗಿದು ಗಟ್ಟಿ ಮರ ಸಿಕ್ಕ ಮೇಲೂ ನಾಲ್ಕು ಬೆರಳು ಮುಂದಕ್ಕೆ ಹೋಗಬೇಕು, ಕೈ ಹಿಂಜರಿಯಬಾರದು. ಆಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ದೋಣಿ ಬೋರಲು ಹಾಕಿ, ನೆರಳು ಕೊಟ್ಟು, ಗಾಳಿಯಾಡಲು ಬಿಟ್ಟೆ. ನಮ್ಮ ಬೇಸಿಗೆಯನ್ನು ಎಲ್ಲರೂ ಬೈಯುತ್ತಾರೆ. ಒದ್ದೆ ಮರ ಒಣಗಿಸಲು ಇದಕ್ಕಿಂತ ಒಳ್ಳೆ ಕಾಲ ಇಲ್ಲ.

ಹೊಸ ಪ್ಲೈವುಡ್ ತರಲು ಹೋದಾಗ ಒಂದು ಅಂಗಡಿಯಲ್ಲಿ ಮರೈನ್ ಪ್ಲೈ ಅಂತ ಹೇಳಿ ದುಬಾರಿ ಬೆಲೆಗೆ ಕೊಟ್ಟರು. ನನಗೆ ಅನುಮಾನ. ದೋಣಿಗೆ ಬೇಕಾದದ್ದು ಐಎಸ್ 710 ಗುರುತಿನ ಹಾಳೆ (ಮರೈನ್ ಪ್ಲೈವುಡ್ಡಿಗೆ ಇರುವ ಭಾರತೀಯ ಮಾನಕದ ಸಂಖ್ಯೆ ಅದು), ಅದರ ಅಂಟು 72 ಗಂಟೆ ಕುದಿಸಿದರೂ ಬಿಡಬಾರದು. ಮನೆಗೆ ತಂದು ಅಂಗೈಯಗಲ ಒಂದು ತುಂಡು ಕತ್ತರಿಸಿ ಸ್ನಾನದ ಹಂಡೆಯಲ್ಲಿ ಕುದಿಯಲು ಹಾಕಿದೆ. ನಾಲ್ಕು ತಾಸಿಗೆ ತೆಗೆದು ನೋಡಿದರೆ ಪುಸ್ತಕದ ಹಾಳೆಯ ಹಾಗೆ ಪದರ ತೆರೆದುಕೊಂಡಿತ್ತು. ಹಂಡೆಯ ನೀರು ಚಹಾ ಬಣ್ಣ. ಹಾಳೆ ವಾಪಸ್ ಕೊಟ್ಟು, ಇನ್ನೊಂದು ಕಡೆ ತಂದು, ಅದನ್ನೂ ಕುದಿಸಿದೆ. ಮೂರು ದಿನ, ಮೂರು ರಾತ್ರಿ. ಬಿಡಲಿಲ್ಲ. ಈ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು, ಖರ್ಚು ಕಟ್ಟಿಗೆಯದ್ದು ಮಾತ್ರ.

ಹೊಸ ತುಂಡನ್ನು ಹಳೆಯದರ ಪಕ್ಕ ನೇರ ಇಟ್ಟು ಅಂಟಿಸಿದರೆ ನಿಲ್ಲುವುದಿಲ್ಲ. ಎರಡರ ಅಂಚನ್ನೂ ಇಳಿಜಾರಾಗಿ ಹೆರೆಯಬೇಕು. ಹಾಳೆ ದಪ್ಪ ಒಂದು ಪಾಲಾದರೆ ಇಳಿಜಾರು ಎಂಟು ಪಾಲು. ಕಾಲು ಇಂಚಿನ ಹಾಳೆಗೆ ಎರಡು ಇಂಚು. ಎಪಾಕ್ಸಿ ಅಂದರೆ ಎರಡು ದ್ರವ ಕಲಸಿ ಮಾಡುವ ಅಂಟು, ಅದನ್ನು ಕಣ್ಣಳತೆಯಲ್ಲಿ ಕಲಸಬಾರದು. ಪಕ್ಕದ ಮನೆಯ ಅಕ್ಕಸಾಲಿಗರ ತಕ್ಕಡಿ ಇಸಕೊಂಡು ಡಬ್ಬಿಯ ಮೇಲೆ ಬರೆದ ಹಾಗೆ ತೂಗಿ ಕಲಸಿದೆ. ಬೇಗ ಒಣಗಲಿ ಅಂತ ಗಟ್ಟಿ ಮಾಡುವ ದ್ರವ, ಅಂದರೆ ಹಾರ್ಡನರ್, ಜಾಸ್ತಿ ಹಾಕಿದರೆ ಅದು ಎಂದೂ ಗಟ್ಟಿಯಾಗುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ. ಒಂದು ದಿನ ಮಧ್ಯಾಹ್ನ ಲೋಟದಲ್ಲಿ ಕಲಸಿಟ್ಟು ಫೋನ್ ಬಂತು ಅಂತ ಒಳಗೆ ಹೋಗಿದ್ದೆ, ತಿರುಗಿ ಬರುವಷ್ಟರಲ್ಲಿ ಲೋಟ ಹೊಗೆಯಾಡುತ್ತಿತ್ತು. ಅವತ್ತಿಂದ ಬೆಳಗಿನ ಐದಕ್ಕೇ ಎದ್ದು, ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿಕೊಂಡು ಕೆಲಸ ಮಾಡಿದೆ. ಸಂದಿಗೆಲ್ಲ ನಯವಾದ ಮರದ ಹಿಟ್ಟು ಕಲಸಿದ ಅಂಟು ಮೆತ್ತಿ, ಮೇಲೆ ಗಾಜಿನ ನೂಲಿನ ಪಟ್ಟಿ. ತುಕ್ಕು ಹಿಡಿದ ಕಬ್ಬಿಣದ ಸ್ಕ್ರೂ ತೆಗೆದು ಹಿತ್ತಾಳೆಯದ್ದು. ಕೊನೆಗೆ ಪೇಂಟ್, ಯಾಕಂದರೆ ಬಿಸಿಲು ಎಪಾಕ್ಸಿಯನ್ನು ತಿನ್ನುತ್ತದೆ.

ಹಾಯಿ ಹೊಲಿದುಕೊಟ್ಟವರು ನಮ್ಮ ಊರಿನ ಟೇಲರ್. ಬಟ್ಟೆ ಗಟ್ಟಿಯಿತ್ತು, ಹೊಲಿಗೆ ದಾರ ಮಾತ್ರ ಬಿಸಿಲಿಗೆ ಪುಡಿಯಾಗಿತ್ತು. ಜಿಗ್‌ಜ್ಯಾಗ್ ಹೊಲಿಗೆ ಎರಡು ಸಾಲು, ದುಡ್ಡು ಬೇಡ ಅಂದರು.

ಕಳೆದ ಡಿಸೆಂಬರಿನಲ್ಲಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಕಾರಂಜಾ ಜಲಾಶಯಕ್ಕೆ ಬ್ಯಾಲಹಳ್ಳಿ ಕಡೆಯ ದಡದಿಂದ ಇಳಿಸಿದೆವು. ಲೈಫ್ ಜಾಕೆಟ್ ಹಾಕಿಕೊಂಡಿದ್ದೆವು. ಸೀಟಿನ ಕೆಳಗೆ ಬಿಗಿಯಾಗಿ ಮುಚ್ಚಿದ ಖಾಲಿ ಇಪ್ಪತ್ತು ಲೀಟರ್ ಕ್ಯಾನು ಆರು ಕಟ್ಟಿದ್ದೆ, ಮಗುಚಿದರೂ ದೋಣಿ ಮುಳುಗದಿರಲಿ ಅಂತ. ಎರಡು ತಾಸು ಓಡಿಸಿ ಬಂದು ಒಳಗೆ ಸ್ಪಂಜು ಒತ್ತಿ ಹಿಂಡಿದೆ. ನಾಲ್ಕು ಹನಿ ಬಂತು. ಅದೂ ನಮ್ಮ ಕಾಲಿನದ್ದು.

ಈಗ ಆ ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ನೀರು ತಾನೇ, ಚೆಲ್ಲುತ್ತಾ ಇದ್ದರಾಯಿತು ಅಂತ ನಮ್ಮ ಮೀನುಗಾರರು ಅಂದುಕೊಳ್ಳುತ್ತಾರೆ. ದಯವಿಟ್ಟು ಮನೆಯಲ್ಲಿ ಒಂದು ಪರಾತದಲ್ಲಿ ಎರಡು ಬೆರಳು ನೀರು ಹಾಕಿ ಎತ್ತಿಕೊಂಡು ನಡೆದು ನೋಡಿ. ಚೂರು ವಾಲಿದರೆ ಸಾಕು, ನೀರೆಲ್ಲ ಆ ಕಡೆಗೇ ಓಡುತ್ತದೆ, ಪರಾತ ಇನ್ನೂ ವಾಲುತ್ತದೆ. ದೋಣಿಯ ತಳದ ನೀರೂ ಹೀಗೇ ಮಾಡುತ್ತದೆ. ಬಲೆ ಎಳೆಯಲು ಇಬ್ಬರೂ ಒಂದೇ ಕಡೆ ಬಗ್ಗಿದಾಗ ಒಳಗಿನ ನೀರೂ ಅದೇ ಕಡೆ ಬಂದು ಕೂರುತ್ತದೆ. ಆಗ ಡಬ್ಬಿ ಹಿಡಿದವನ ಕೈಗೆ ಪುರುಸೊತ್ತು ಇರುವುದಿಲ್ಲ. ಜೂನ್, ಜುಲೈ ಗಾಳಿಯಲ್ಲಂತೂ ಇದು ಕ್ಷಣದ ಮಾತು.

ಹಾಗಾಗಿ ನಿಮ್ಮಲ್ಲಿ ಒಂದು ಕೇಳಿಕೆ. ಮಳೆಗಾಲಕ್ಕೆ ಮುಂಚೆ, ದೋಣಿಗಳು ದಡಕ್ಕೆ ಬಂದಿರುವ ಈ ದಿನಗಳಲ್ಲೇ, ನಿಮ್ಮ ಜಿಲ್ಲಾ ಪುಟದಲ್ಲಿ ಅರ್ಧ ಪುಟ ಇದಕ್ಕೆ ಕೊಡಿ. ಕಾರಂಜಾ ಮಾತ್ರ ಅಲ್ಲ, ಭೀಮೆ, ಕೃಷ್ಣೆಯ ದಡದವರಿಗೂ ಬೇಕಾದ ಮಾತು. ನಮ್ಮ ಐಟಿಐಗಳಲ್ಲಿ ಮರಗೆಲಸ ಕಲಿಯುವ ಹುಡುಗರು ಬಾಗಿಲು, ಮೇಜು ಮಾಡುತ್ತಾರೆ. ಇಳಿಜಾರು ಜೋಡಣೆ ಬಲ್ಲ ಹುಡುಗನಿಗೆ ದೋಣಿ ರಿಪೇರಿ ಒಂದು ತಿಂಗಳಲ್ಲಿ ಕಲಿಸಬಹುದು. ನಾನೇ ಕಲಿಸುತ್ತೇನೆ, ಸಂಬಳ ಬೇಡ.

ಇನ್ನೊಂದು. ಆ ಫೋಟೊದಲ್ಲಿರುವ ಇಬ್ಬರು ಯಾರು ಅಂತ ನಿಮ್ಮ ಛಾಯಾಗ್ರಾಹಕರಿಗೆ ಗೊತ್ತಿರಬಹುದು. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಅವರಿಗೆ ಕೊಡಿ. ಗಾಜಿನ ಪಟ್ಟಿ ಅರ್ಧ ಸುರುಳಿ ಉಳಿದಿದೆ, ಎಪಾಕ್ಸಿ ಒಂದು ಡಬ್ಬಿ ಒಡೆಯದೇ ಇದೆ, ಐಎಸ್ 710 ಹಾಳೆಯ ತುಂಡುಗಳೂ ಇವೆ. ದೋಣಿಯನ್ನು ಒಂದು ವಾರ ಬೋರಲು ಹಾಕಿ ಒಣಗಿಸಿಕೊಂಡು ತರಲಿ, ಅದಕ್ಕೆ ಮುಂಚೆ ಡಾಂಬರು ಮಾತ್ರ ಮುಟ್ಟಿಸಬೇಡಿ ಅಂತ ಹೇಳಿ. ಟೈರುಗಳನ್ನು ನಾನು ಅಂಗಳದಿಂದ ಇನ್ನೂ ತೆಗೆದಿಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಮರಗೆಲಸ ಶಿಕ್ಷಕ
ಭಾಲ್ಕಿ, ಬೀದರ್ ಜಿಲ್ಲೆ